ಇಟಲಿ ಕ್ಲಸ್ಟರಿನ ಮೇಷ್ಟ್ರು

ಅವರ ತಂದೆ ಕ್ಷೌರಿಕರಾಗಿದ್ದರು. ಮೊದಲ ಸಲ ಕೇಳಿದಾಗ ಅವರು ನನಗೆ ಹಾಗೆಂದರು. ಎರಡನೆಯ ಸಲ ಕೇಳಿದಾಗ ತಂದೆ ರೈಲ್ವೆ ಗಾರ್ಡ್ ಆಗಿದ್ದರು; ಹಳೆಯ ಹಸಿರು ಬಾವುಟದ ಬಟ್ಟೆಯಲ್ಲಿ ಮಗನಿಗೆ ಚಡ್ಡಿ ಹೊಲಿಸಿದ್ದರು. ಮೂರನೆಯ ಸಲ ನಾನು ಕೇಳಲಿಲ್ಲ. ಕೇಳದೆಯೇ ಇನ್ನೊಬ್ಬ ತಂದೆ ಬಂದರು. ಅವರನ್ನು ಕರೆತಂದದ್ದು ನನ್ನ ಎದುರು ಮನೆಯ ಅಕ್ಕನ ಕಿವಿಗೆ ತಪ್ಪಾಗಿ ಬಿದ್ದ ಒಂದು ಪದ.

ಹೇಳುತ್ತಿರುವುದು ಒಬ್ಬ ಇಟಾಲಿಯನ್ ಸಿನಿಮಾ ನಿರ್ದೇಶಕರ ವಿಷಯ. ಎಂಬತ್ತು ದಾಟಿದ ಮೇಲೆ, ತಮ್ಮ ಕೊನೆಯ ಸಿನಿಮಾ ತೆಗೆಯಲು ಅವರು ದುಬೈಗೆ ಬಂದಿದ್ದರು. ನಾನು ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಚೇರಿಯಲ್ಲಿ ಸಬ್‌ಟೈಟಲ್ ಬರೆಯುವವನು. ಆ ಸಿನಿಮಾ ಅಬುಧಾಬಿಯಲ್ಲಿ ಮೊದಲ ಸಲ ತೆರೆಕಾಣುವ ದಿನ ಪ್ರೇಕ್ಷಕರ ಕೈಗೆ ಕೊಡಲು ನಿರ್ದೇಶಕರ ಜೀವನದ ಮೇಲೊಂದು ಕಿರುಪುಸ್ತಕ ಬೇಕಿತ್ತು. ಅದನ್ನು ಬರೆಯುವುದು, ಚಿತ್ರೀಕರಣದಲ್ಲಿ ಅವರ ಮಾತನ್ನು ಉಳಿದವರಿಗೆ ದಾಟಿಸುವುದು, ಎರಡೂ ನನ್ನ ಪಾಲಿಗೆ ಬಂದವು. ನನಗೆ ಇಟಾಲಿಯನ್ ಬರುತ್ತದೆ ಎಂದು ಕಚೇರಿಯವರು ನಂಬಿದ್ದರು. ನಿಜ ಏನೆಂದರೆ, ನಾನು ಬಹಳ ಕಾಲ ಒಂದು ಇಟಾಲಿಯನ್ ಅಡುಗೆ ಕಾರ್ಯಕ್ರಮಕ್ಕೆ ಸಬ್‌ಟೈಟಲ್ ಬರೆದಿದ್ದೆ. ಹೆಚ್ಚು, ಹುರಿ, ಕಾಯಿಸು, ಉಪ್ಪು ನೋಡು, ಅಜ್ಜಿ ಹೀಗೇ ಮಾಡುತ್ತಿದ್ದಳು. ಇಷ್ಟು ಬಂದರೆ ಒಂದು ಭಾಷೆಯಲ್ಲಿ ಸಾಕಷ್ಟು ದೂರ ಹೋಗಬಹುದು. ನಾನು ಹೋಗಿದ್ದೇನೆ.

ಇಲ್ಲಿ ನಿರ್ದೇಶಕರು ಕನ್ನಡದಲ್ಲಿ ಮಾತನಾಡುತ್ತಾರೆ. ಅವರಾಡಿದ್ದು ಇಟಾಲಿಯನ್, ಅರ್ಧ ಇಂಗ್ಲಿಷ್, ಬಹಳಷ್ಟು ಕೈ. ಬಾಯಿ ಅವರದು, ಧ್ವನಿ ನನ್ನದು. ಓದುವವರಿಗೆ ಇದು ಮೊದಲೇ ಗೊತ್ತಿರಲಿ.

ಮೊದಲ ಭೇಟಿಯ ಬಗ್ಗೆ ನನ್ನ ತಲೆಯಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ಅವರು ಬಿಳಿ ಟೋಪಿ ಹಾಕಿದ್ದಾರೆ, ಇನ್ನೊಂದರಲ್ಲಿ ಆ ಟೋಪಿ ನನ್ನ ಕೈಯಲ್ಲಿದೆ. ಟೋಪಿಯನ್ನು ಬಿಟ್ಟುಬಿಡುತ್ತೇನೆ. ಕುರ್ಚಿಯ ಬಗ್ಗೆ ಅನುಮಾನವಿಲ್ಲ. ಕಡುನೀಲಿ ಪ್ಲಾಸ್ಟಿಕ್ ಕುರ್ಚಿ, ನಮ್ಮ ಕಟ್ಟಡದ ಎದುರು, ಬಿಸಿಲಿನಲ್ಲಿ.

ನಮ್ಮ ಕಟ್ಟಡ ಇಂಟರ್‌ನ್ಯಾಷನಲ್ ಸಿಟಿಯಲ್ಲಿದೆ. ಅಲ್ಲಿ ಕ್ಲಸ್ಟರ್ ಎಂದು ಕರೆಯುವ ಬ್ಲಾಕುಗಳಿಗೆಲ್ಲ ದೇಶಗಳ ಹೆಸರು. ರಷ್ಯಾದಲ್ಲಿ ಮಲಯಾಳಿ ಬ್ಯಾಚಲರುಗಳಿದ್ದಾರೆ. ಸ್ಪೇನಿನಲ್ಲಿ ನನ್ನ ದರ್ಜಿ. ಇಂಗ್ಲೆಂಡಿನಲ್ಲಿ ಒಳ್ಳೆಯ ದೋಸೆ ಸಿಗುತ್ತದೆ. ನಾನು, ಅಕ್ಕ, ಅವಳ ಗಂಡ, ಕಾಲೇಜಿಗೆ ಹೋಗುವ ಮಗಳು, ನಾವೆಲ್ಲ ಇರುವುದು ಇಟಲಿಯಲ್ಲಿ. ಇಟಲಿ ಎಂದರೆ ಗೋಡೆಗೆ ಮಣ್ಣಿನ ಬಣ್ಣ, ಕಿಟಕಿಯ ಮೇಲೊಂದು ಕಮಾನಿನ ಗೆರೆ, ಬಾಲ್ಕನಿಯಲ್ಲಿ ಎಲ್ಲ ದೇಶಗಳಲ್ಲೂ ಒಂದೇ ಥರ ಒಣಗುವ ಲುಂಗಿ. ನಿರ್ಮಾಪಕರು ನಿರ್ದೇಶಕರನ್ನು ಬೇರೆಲ್ಲೋ ಸೆಟ್ ತೋರಿಸಲು ಕರೆದೊಯ್ಯುತ್ತಿದ್ದಾಗ, ದಾರಿಯಲ್ಲಿ ಇದನ್ನು ಕಂಡು ಕಾರು ನಿಲ್ಲಿಸಿದರಂತೆ. ತಮ್ಮ ಬಾಲ್ಯದ ಊರನ್ನು ಇಲ್ಲೇ ತೆಗೆಯುತ್ತೇನೆಂದು ಹಟ ಹಿಡಿದರಂತೆ.

"ನಿಮ್ಮ ಊರು ಹೀಗಿತ್ತೇ?" ಎಂದು ಕೇಳಿದೆ.

"ಒಂಚೂರೂ ಇಲ್ಲ. ಅದಕ್ಕೇ ಬೇಕು. ಅಲ್ಲಿ ಹೋದರೆ ಪ್ರತಿ ಕಲ್ಲೂ ನನ್ನನ್ನು ತಿದ್ದುತ್ತದೆ, ಹೀಗಿರಲಿಲ್ಲ ಹಾಗಿತ್ತು ಅಂತ. ಈ ಇಟಲಿಗೆ ಏನೂ ನೆನಪಿಲ್ಲ. ನಾನು ಹೇಳಿದ್ದನ್ನು ಕೇಳುತ್ತದೆ."

ಅಷ್ಟರಲ್ಲಿ ಅವರ ಸಹಾಯಕ ನಿರ್ದೇಶಕಿ, ಗಟ್ಟಿ ದನಿಯ ಒಬ್ಬ ಇಟಾಲಿಯನ್ ಹುಡುಗಿ, ರಸ್ತೆಯ ಆಚೆಯಿಂದ ಕೂಗಿದಳು: "ಮಾಯೆಸ್ತ್ರೊ! ಮಾಯೆಸ್ತ್ರೊ!"

ಅದೇ ಹೊತ್ತಿಗೆ ಅಕ್ಕ ತರಕಾರಿ ಚೀಲ ಹಿಡಿದು ಬಂದಳು. ಅಕ್ಕ ಉಡುಪಿ ಕಡೆಯವಳು, ತುಳು ಮನೆಮಾತು. ಬರ್ ದುಬೈಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ, ವರ್ಷಕ್ಕೊಮ್ಮೆ ಇಲ್ಲಿಯ ತುಳು ನಾಟಕದಲ್ಲಿ ಅತ್ತೆಯ ಪಾತ್ರ. ನನಗಿಂತ ದೊಡ್ಡವಳು, ಏಕವಚನದಲ್ಲೇ ಕರೆಯಬೇಕೆಂದು ನನಗೆ ಅವಳದೇ ಆಜ್ಞೆ. ಅವಳು ನಿರ್ದೇಶಕರನ್ನು ನೋಡಿದಳು, ಬಿಸಿಲನ್ನು ನೋಡಿದಳು, ಚೀಲ ಕೆಳಗಿಟ್ಟಳು.

"ಎಂತ ಮೇಷ್ಟ್ರೇ, ಈ ಬಿಸಿಲಲ್ಲಿ ಕೂತದ್ದು? ಕುರ್ಚಿ ಈಚೆ ಹಾಕಿ. ತಲೆ ತಿರುಗಿ ಬಿದ್ರೆ ಮತ್ತೆ ಯಾರು ಎತ್ತುದು?"

"ಅಕ್ಕ, ಅವರು ಮೇಷ್ಟ್ರಲ್ಲ. ಸಿನಿಮಾ ಡೈರೆಕ್ಟ್ರು."

"ಹೋಗಾ. ಆ ಹುಡುಗಿ ಮೇಷ್ಟ್ರೋ ಮೇಷ್ಟ್ರೋ ಅಂತ ಬೊಬ್ಬೆ ಹೊಡೆದದ್ದು ನಂಗೆ ಕೇಳ್ಲಿಲ್ವಾ? ಯಾವ ಶಾಲೆ ಕೇಳು."

ನಿರ್ದೇಶಕರು ನನ್ನ ಕಡೆ ತಿರುಗಿ, ಈಕೆ ನನ್ನನ್ನು ಏನೆಂದು ಕರೆದಳು ಎಂದರು. ನಾನು ವಿವರಿಸಿದೆ. ಮಾಯೆಸ್ತ್ರೊ ಎಂದರೆ ಕಲೆಯಲ್ಲಿ ದೊಡ್ಡವರನ್ನು ಕರೆಯುವ ಮರ್ಯಾದೆಯ ಮಾತು ಎಂದು ನನಗೆ ಗೊತ್ತಿತ್ತು, ಅಡುಗೆ ಕಾರ್ಯಕ್ರಮದ ಬಾಣಸಿಗನನ್ನೂ ಹಾಗೇ ಕರೆಯುತ್ತಿದ್ದರು. ಆದರೆ ಇವಳ ಕಿವಿಗೆ ಅದು ಮೇಷ್ಟ್ರು, ಅಂದರೆ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರು, ಎಂದು ಕೇಳಿಸಿದೆ, ಕ್ಷಮಿಸಿ ಎಂದೆ.

ಅವರು ನಗಲಿಲ್ಲ. "ನಮ್ಮಲ್ಲೂ ಅದೇ ಪದ," ಎಂದರು. "ಅಕ್ಷರ ಕಲಿಸುವವನೂ ಮಾಯೆಸ್ತ್ರೊ. ಅವನೇ ಮೊದಲಿನವನು. ನಾವೆಲ್ಲ ಆಮೇಲೆ ಬಂದು ಆ ಮರ್ಯಾದೆಯನ್ನು ಕದ್ದೆವು." ಆಮೇಲೆ ಎದ್ದು, ಕುರ್ಚಿಯನ್ನು ತಾವೇ ನೆರಳಿಗೆ ಎಳೆದುಕೊಂಡು ಕೂತರು. ಅಕ್ಕನ ಮುಖವನ್ನು ನೋಡುತ್ತಲೇ ಇದ್ದರು.

ಮರುದಿನ, ತಾಯಿಯ ಪಾತ್ರಕ್ಕೆ ರೋಮಿನಿಂದ ಬರಬೇಕಿದ್ದ ನಟಿಗೆ ಬೇಡವೆಂದು ಹೇಳಿ ಕಳಿಸಿದರು. ಪಾತ್ರ ಅಕ್ಕನಿಗೆ ಬಂತು. ತಂದೆಯ ಪಾತ್ರ ಮಾತ್ರ ರೋಮಿನ ನಟನದೇ. ಚಿತ್ರಕಥೆಯ ಹೊಸ ಹಾಳೆಗಳು ನನ್ನ ಕೈಗೆ ಬಂದಾಗ ತಂದೆಯ ಕಸುಬೂ ಬದಲಾಗಿತ್ತು. ಪ್ರಾಥಮಿಕ ಶಾಲೆಯ ಮೇಷ್ಟ್ರು. ಕೆಲಸದಿಂದ ತೆಗೆದುಹಾಕಿದ್ದಾರೆ. ಆದರೂ ಪ್ರತಿ ಬೆಳಿಗ್ಗೆ ಕೋಟು ಹಾಕಿಕೊಂಡು ಶಾಲೆಗೆ ಹೊರಡುವಂತೆ ಹೊರಡುತ್ತಾನೆ. ಹೆಂಡತಿಗೆ ಗೊತ್ತಿದೆ, ಗೊತ್ತಿಲ್ಲದಂತೆ ಇರುತ್ತಾಳೆ. ಸಿಟ್ಟು ಬಂದಾಗ ಮಾತ್ರ ಅವನನ್ನು ಊರವರು ಕರೆಯುವ ಹಾಗೆ 'ಮಾಯೆಸ್ತ್ರೊ' ಎಂದು ಕರೆಯುತ್ತಾಳೆ.

"ನಿಮ್ಮ ತಂದೆ ಮೇಷ್ಟ್ರು ಯಾವಾಗ ಆದರು?" ಎಂದೆ.

"ಯಾವಾಗಲೂ ಆಗಿದ್ದರು," ಎಂದರು, ಗಾರ್ಡು ಮತ್ತು ಕ್ಷೌರಿಕ ಇಬ್ಬರೂ ನಾನು ಕಟ್ಟಿದ ಸುಳ್ಳೆನ್ನುವಂತೆ.

ತಮ್ಮ ವೃತ್ತಿಜೀವನದ ಬಗ್ಗೆ ಹೇಳುವಾಗ ಮಾತ್ರ ಅವರ ಮಾತು ಒಂದೇ ದಾರಿಯಲ್ಲಿ ಹೋಗುತ್ತಿತ್ತು. ಹರೆಯದಲ್ಲಿ ರೋಮಿಗೆ ಬಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಸೇರಿದರು. ಹೊರದೇಶದ ಒಬ್ಬ ನಾಯಕನಟನಿಗೆ ವರ್ಷಗಟ್ಟಲೆ ಇಟಾಲಿಯನ್ ಧ್ವನಿಯಾದರು. ಆಮೇಲೆ ಸಹಾಯಕ ನಿರ್ದೇಶಕ. ಮೊದಲ ಸಿನಿಮಾವನ್ನು ಯಾರೂ ನೋಡಲಿಲ್ಲ. ಎರಡನೆಯದು ಮಂಜುಗಡ್ಡೆ ಮಾರುವ ಹೆಂಗಸಿನ ಕಥೆ, ಅದನ್ನು ಎಲ್ಲರೂ ನೋಡಿದರು. ಹಲವು ವರ್ಷ ಜನ ಜೊತೆಗಿದ್ದರು, ಒಂದು ದಿನ ಇರಲಿಲ್ಲ. ಸೋಪು, ಕಾಫಿ ಯಂತ್ರ, ಹಾಸಿಗೆಗಳ ಜಾಹೀರಾತು ತೆಗೆದು ಬದುಕಿದರು. ಆಮೇಲೆ ಅದೂ ನಿಂತಿತು. ಈಗ ಇದು. ಇದನ್ನೆಲ್ಲ ಅವರು ಬೇಸರದಿಂದ ಹೇಳುತ್ತಿರಲಿಲ್ಲ. ಹವಾಮಾನದ ವರದಿ ಓದುವವರ ಹಾಗೆ ಹೇಳುತ್ತಿದ್ದರು.

ಅವರ ಕೆಲಸದ ರೀತಿ ನಮಗೆ ವಿಚಿತ್ರವಾಗಿತ್ತು. ಚಿತ್ರೀಕರಣದಲ್ಲಿ ಅವರು ಧ್ವನಿಯನ್ನೇ ಹಿಡಿಯುತ್ತಿರಲಿಲ್ಲ. ಹಳೆಯ ಕಾಲದ ಇಟಾಲಿಯನ್ ಪದ್ಧತಿಯಂತೆ: ಮುಖ ಇಂದು, ಮಾತು ಆಮೇಲೆ. ಸಂಭಾಷಣೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನಟ ಅಂಕಿ ಎಣಿಸುತ್ತ ಹೋದರೆ ಸಾಕು. ಸಿಟ್ಟಿದ್ದರೆ ಸಿಟ್ಟಿನಲ್ಲಿ ಎಣಿಸಬೇಕು, ದುಃಖವಿದ್ದರೆ ದುಃಖದಲ್ಲಿ. ಬಾಯಿ ಆಡಿದರಾಯಿತು. ಸ್ಟುಡಿಯೋದಲ್ಲಿ ಆ ಬಾಯಿಗೆ ಮಾತು ಕೂರಿಸುತ್ತಾರೆ.

ಕೆಳಗಿನ ಖಾಲಿ ಫ್ಲ್ಯಾಟನ್ನು ಅಡುಗೆಮನೆ ಮಾಡಿದ್ದರು. ಗಂಡ ಊಟಕ್ಕೆ ಕೂತಿದ್ದಾನೆ, ಕೋಟು ಬಿಚ್ಚಿಲ್ಲ. ಹೆಂಡತಿ ಸೂಪಿನ ತಟ್ಟೆ ಇಡುತ್ತಾಳೆ. ಗಂಡನಾದ ನಟ ಇಟಾಲಿಯನ್ನಿನಲ್ಲಿ ಎಣಿಸಿದ. ಅಕ್ಕ ತುಳುವಿನಲ್ಲಿ ಎಣಿಸಿದಳು.

"ಒಂಜಿ. ರಡ್ಡ್."

"ತಟ್ಟೆ ಇಡು!" ಎಂದು ಕ್ಯಾಮೆರಾದ ಪಕ್ಕದಿಂದ ನಿರ್ದೇಶಕರು ಕೂಗಿದರು. ಧ್ವನಿ ಹಿಡಿಯದ್ದರಿಂದ ಶಾಟ್ ನಡೆಯುವಾಗಲೇ ಅವರು ಉದ್ದಕ್ಕೂ ಕೂಗಬಹುದು, ನಾನು ಅದನ್ನು ಕನ್ನಡದಲ್ಲಿ ಕೂಗಬೇಕು. "ಈಗ ಅವನನ್ನು ನೋಡಬೇಡ! ಚಮಚ ನೋಡು! ಈಗ ನೋಡು!"

ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಮ್ಮ ನಾಟಕದಲ್ಲಿ ಪ್ರಾಂಪ್ಟ್ ಕೊಡುವವ ಸಹ ಇಷ್ಟು ಬೊಬ್ಬೆ ಹೊಡೆಯುದಿಲ್ಲ ಮಾರಾಯ. ನಾನು ಎಣಿಸುದಾ, ಇವರ ಕ್ರಿಕೆಟ್ ಕಮೆಂಟ್ರಿ ಕೇಳುದಾ?"

"ಏನಂತೆ?" ಎಂದರು ನಿರ್ದೇಶಕರು.

"ನಿಮ್ಮ ನಿರ್ದೇಶನ ಬಹಳ ಸ್ಪಷ್ಟವಾಗಿದೆ ಅಂತಿದ್ದಾರೆ," ಎಂದೆ.

ಮತ್ತೆ ಶುರುವಾಯಿತು. ಒಂಜಿ, ರಡ್ಡ್, ಮೂಜಿ, ನಾಲ್. ಈ ಸಲ ಅಕ್ಕನ ಎಣಿಕೆಯಲ್ಲಿ ಏನೋ ಇತ್ತು. ಐನ್ ಎಂದಾಗ ಗಂಡ ಚಮಚ ಕೆಳಗಿಟ್ಟ. ಆಜಿ ಎನ್ನಬೇಕಾದಲ್ಲಿ ಅವಳು ನಿಂತಳು. ಅವನ ಕೋಟನ್ನು ನೋಡಿದಳು. "ಮೇಷ್ಟ್ರೇ," ಎಂದಳು, ಮೆಲ್ಲಗೆ, ಒಂದು ಬಾಗಿಲು ಹಾಕಿದ ಹಾಗೆ.

ಅದೊಂದು ಸಲ ನಿರ್ದೇಶಕರು ಏನೂ ಕೂಗಲಿಲ್ಲ. ಶಾಟ್ ಮುಗಿದ ಮೇಲೂ ಕಟ್ ಎನ್ನಲಿಲ್ಲ. ಸಹಾಯಕಿಯೇ ಹೇಳಬೇಕಾಯಿತು.

ಕೊನೆಯ ದೃಶ್ಯವೊಂದು ಉಳಿದಿತ್ತು: ತಾಯಿ ಕಿಟಕಿಯಲ್ಲಿ ನಿಂತು, ಇಲ್ಲದ ಶಾಲೆಗೆ ಹೊರಟ ಗಂಡನನ್ನು ನೋಡುವುದು. ಅದರ ಹಿಂದಿನ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಹಾಯಕಿ ಅಕ್ಕನನ್ನು ಹೊಗಳುತ್ತ, ನಿಮಗೆ ಧ್ವನಿ ಕೊಡಲು ರೋಮಿನಲ್ಲಿ ಬಹಳ ಒಳ್ಳೆಯ ನಟಿಯೊಬ್ಬಳು ಒಪ್ಪಿದ್ದಾಳೆ, ಸಂತೋಷದ ವಿಷಯ ಎಂದಳು. ನಾನು ಅದನ್ನು ಕನ್ನಡಕ್ಕೆ ದಾಟಿಸಿದೆ. ದಾಟಿಸುವಾಗಲೇ ಇದು ಸಂತೋಷದ ವಿಷಯವಲ್ಲ ಎಂದು ಗೊತ್ತಾಯಿತು.

ಅಕ್ಕ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. ಎಣಿಸಿದ್ದು ಅಭ್ಯಾಸಕ್ಕೆ, ನಿಜವಾದ ಮಾತನ್ನು ಕೊನೆಯಲ್ಲಿ ತನ್ನಿಂದಲೇ ಆಡಿಸುತ್ತಾರೆ ಎಂದು ಅವಳು ತಿಳಿದಿದ್ದಳು.

"ನನ್ನ ಬಾಯಿಗೆ ಇನ್ನೊಬ್ಬಳ ನಾಲಗೆಯಾ?"

"ಅಲ್ಲಿ ಎಲ್ಲ ಹಾಗೇ ಮಾಡ್ತಾರೆ ಅಕ್ಕ."

"ಮಾಡ್ಲಿ. ನನ್ನ ಸ್ವರ ಇಲ್ಲದ ಮುಖ ಎಂತಕ್ಕೆ, ಪಾಸ್‌ಪೋರ್ಟಿಗಾ? ಸ್ವರ ಇಲ್ಲದಿದ್ರೆ ನಾಳೆಯ ಶಾಟೂ ಇಲ್ಲ, ಮಾಫಿ. ಖಲಾಸ್. ಹೇಳು ನಿನ್ನ ಮೇಷ್ಟ್ರಿಗೆ."

ಮರುದಿನ ಅವಳು ಸೀರೆ ಅಂಗಡಿಗೆ ಹೋದಳು.

ನಾನು ಬೆಳೆದ ಊರಿನಲ್ಲಿ ಡಬ್ಬಿಂಗ್ ಎನ್ನುವುದು ಒಂದು ಬೈಗುಳವಾಗಿತ್ತು. ಬೇರೆ ಭಾಷೆಯ ಸಿನಿಮಾಕ್ಕೆ ಕನ್ನಡದ ಮಾತು ಅಂಟಿಸಿ ತೋರಿಸಬಾರದು ಎಂದು ಮೆರವಣಿಗೆಗಳಾಗುತ್ತಿದ್ದವು, ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಮೈಸೂರಿನ ಒಂದು ಮೆರವಣಿಗೆಯಲ್ಲಿ ನಾನೂ ಇದ್ದೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಆ ನೆನಪಿನಲ್ಲಿ ನನಗೆ ನನ್ನ ಬೆನ್ನು ಕಾಣುತ್ತದೆ, ಅದು ಹೇಗೆ ಸಾಧ್ಯ? ಬಹುಶಃ ಪೇಪರಿನಲ್ಲಿ ಬಂದ ಯಾರದೋ ಫೋಟೋ. ಇದ್ದೆನೋ ಇಲ್ಲವೋ, ಬೆಳಿಗ್ಗೆಯಿಂದ ಸಂಜೆಯವರೆಗೆ ಇನ್ನೊಬ್ಬರ ಬಾಯಿಯ ಕೆಳಗೆ ಅಕ್ಷರ ಜೋಡಿಸಿ ಬದುಕುವ ನನಗೆ ಅಕ್ಕನ ಸಿಟ್ಟು ಅರ್ಥವಾಯಿತು. ಅವಳ ಪರವಾಗಿ ಮಾತನಾಡುವುದೆಂದು ನಿಶ್ಚಯಿಸಿದೆ. ಮಾತನಾಡುವ ಅವಕಾಶವನ್ನು ಅವಳು ನನಗೆ ಕೊಡಲಿಲ್ಲ.

ನಿರ್ದೇಶಕರು ಅಂಗಡಿಗೆ ತಾವೇ ಬರುತ್ತೇನೆಂದರು. ದೇರಾ ಕಡೆ ಅವರಿಗೇನೋ ಕೆಲಸವಿತ್ತು. ಅಲ್ಲಿಂದ ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿದೆವು. ದೋಣಿಯಲ್ಲಿ ಅವರು ಒಂದೇ ಮಾತು ಆಡಿದರು: "ನಿರ್ಮಾಪಕರು ರೋಮಿನ ನಟಿಗೆ ಮಾತು ಕೊಟ್ಟಾಗಿದೆ." ಬರ್ ದುಬೈಯ ಅಂಗಡಿಯಲ್ಲಿ ಅಕ್ಕ ಯಾರಿಗೋ ರೇಷ್ಮೆ ಬಿಡಿಸಿ ತೋರಿಸುತ್ತಿದ್ದಳು. ನಮಗೆ ಎರಡು ಸ್ಟೂಲು ತೋರಿಸಿದಳು.

"ದೇಖಿಯೇ ಮೇಡಮ್, ಬಾರ್ಡರ್ ದೇಖಿಯೇ," ಎಂದು ಗಿರಾಕಿಗೆ ಹೇಳಿ, ಅದೇ ಉಸಿರಿನಲ್ಲಿ ನನಗೆ, "ಎಂತ ಹೇಳ್ತಾರೆ?"

ನಿರ್ದೇಶಕರು ಹೇಳಿದ್ದನ್ನು ನಾನು ಹೇಳಿದೆ. ತಾವೂ ಒಂದು ಕಾಲಕ್ಕೆ ಬರೀ ಧ್ವನಿಯಾಗಿದ್ದರು. ಟ್ರಾಮಿನಲ್ಲಿ ಬಾಯಿ ತೆಗೆದರೆ ಜನ ತಿರುಗಿ, ಆ ಹೊರದೇಶದ ನಟನ ಹೆಸರು ಹಿಡಿದು ಕೂಗುತ್ತಿದ್ದರು. ಅವನಿಗೆ ತನ್ನ ಇಟಾಲಿಯನ್ ಧ್ವನಿ ಯಾರದೆಂದು ಕೊನೆಯವರೆಗೂ ಗೊತ್ತಿರಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಮುಖ ಒಂದು ಕಟ್ಟಡ. ಧ್ವನಿ ಬಾಡಿಗೆದಾರ. ಬರುತ್ತಾನೆ, ಹೋಗುತ್ತಾನೆ.

ಅಕ್ಕ ಸೀರೆ ಮಡಚುತ್ತಲೇ ಕೇಳಿದಳು. ಅವಳೂ ನಾನೂ ಬಾಡಿಗೆ ಮನೆಯವರು.

"ಮೇಷ್ಟ್ರೇ, ನಮ್ಮ ಬಿಲ್ಡಿಂಗಲ್ಲಿ ನಲ್ಲಿ ಸೋರಿದ್ರೆ ಯಾರು ನೋಡ್ತಾರೆ? ಬಾಡಿಗೆಯವ್ರು. ದೀಪ ಹಾಕುದು ಯಾರು? ಬಾಡಿಗೆಯವ್ರು. ಬಾಡಿಗೆಯವ್ರು ಹೋದ ಮನೆ ನೀವು ನೋಡಿದ್ದೀರಾ? ಕೆಳಗಿನ ಫ್ಲ್ಯಾಟಲ್ಲಿ ನೀವೇ ಶೂಟಿಂಗ್ ಮಾಡಿದ್ದಲ್ವಾ, ಹೇಗಿತ್ತು ನಾವು ಬರುವ ಮೊದ್ಲು? ನಾರ್ತಿತ್ತು."

ನಾನು ಅನುವಾದಿಸಿದೆ. ನಾರುತ್ತಿತ್ತು ಎಂಬುದನ್ನೂ ಬಿಡಲಿಲ್ಲ. ಅಡುಗೆ ಕಾರ್ಯಕ್ರಮದಲ್ಲಿ ಹಾಳಾದ ಮೀನಿಗೆ ಬಳಸುವ ಪದ ನನಗೆ ಗೊತ್ತಿತ್ತು.

ನಿರ್ದೇಶಕರು ರೇಷ್ಮೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. "ಅವಳಿಗೆ ಇಟಾಲಿಯನ್ ಬರುವುದಿಲ್ಲ," ಎಂದರು.

"ಕಲೀತೇನೆ ಅಂತ ಹೇಳು. ನಂಗೆ ಹಿಂದಿ ಯಾರು ಕಲಿಸಿದ್ದು? ಗಿರಾಕಿಗಳು. ಅರಬಿ ಯಾರು ಕಲಿಸಿದ್ದು? ಗಿರಾಕಿಗಳು. ಇವರೂ ಒಬ್ಬ ಗಿರಾಕಿ."

ಒಪ್ಪಂದವಾಯಿತು. ಹತ್ತು ದಿವಸ ಕಳೆದೋ ಎಂಟು ದಿವಸವೋ, ಸೂಪಿನ ದೃಶ್ಯಕ್ಕೆ ಅವಳೇ ಇಟಾಲಿಯನ್ನಿನಲ್ಲಿ ಧ್ವನಿ ಕೊಟ್ಟು ನೋಡುವುದು. ನಿರ್ದೇಶಕರು ಕಣ್ಣು ಮುಚ್ಚಿ ಕೇಳುತ್ತಾರೆ. ಒಪ್ಪಿಗೆಯಾದರೆ ಪೂರ್ತಿ ಸಿನಿಮಾ ಅವಳ ಧ್ವನಿಯಲ್ಲಿ, ಕಿಟಕಿಯ ದೃಶ್ಯ ಅದರ ಮರುದಿನ. ಆಗದಿದ್ದರೆ ರೋಮಿನ ನಟಿ, ಕಿಟಕಿಗೂ ಅಕ್ಕ ಬಾಯಿ ಮುಚ್ಚಿಕೊಂಡು ಬರಬೇಕು.

ಇಟಾಲಿಯನ್ನನ್ನು ಕನ್ನಡ ಲಿಪಿಯಲ್ಲಿ ಬರೆಯಲು ಕೂತಾಗ ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಆ ಭಾಷೆ ನಮ್ಮ ಲಿಪಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಹೆಚ್ಚುಕಡಿಮೆ ಎಲ್ಲ ಪದವೂ ಸ್ವರದಲ್ಲಿ ಮುಗಿಯುತ್ತದೆ. ಒತ್ತಕ್ಷರಗಳು ಒತ್ತಿಯೇ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಬರೆದಾಗ ಕುಂಟುವ ಮಾತು ಕನ್ನಡದಲ್ಲಿ ನೆಟ್ಟಗೆ ನಡೆಯುತ್ತದೆ. ನಮ್ಮ ಕಚೇರಿಯ ತೆಲುಗು ಗೆಳೆಯ, ಪೂರ್ವದ ಇಟಾಲಿಯನ್ ಎಂದು ಹೆಸರಾದದ್ದು ತೆಲುಗು, ನೀವ್ಯಾಕೆ ನಡುವೆ ಬರುತ್ತೀರಿ ಎಂದ. ನಿಮ್ಮಲ್ಲಿ ಮೇಷ್ಟ್ರಿಗೆ ಏನಂತೀರಿ ಎಂದು ಕೇಳಿದೆ. ಅವನು ಹೇಳಿದ ಪದ ನಮ್ಮ ಕೆಲಸಕ್ಕೆ ಬರುವಂತಿರಲಿಲ್ಲ.

ದೃಶ್ಯದ ಮಾತು ಚಿಕ್ಕದು. ಎಲ್ಲ ತಿನ್ನು. ನಿಲ್ಲು. ಮಾಯೆಸ್ತ್ರೊ, ನನಗೆ ಗೊತ್ತು. ನಾನು ಬರೆದುಕೊಟ್ಟೆ: ಮಾಂಜ ತುತ್ತೊ. ಆಸ್ಪೆತ್ತ. ಮಾಯೆಸ್ತ್ರೊ, ಲೊ ಸೊ.

ಹಂಚಿಕೊಂಡು ಹೋಗುವ ಕಾರಿನಲ್ಲಿ, ಇಂಟರ್‌ನ್ಯಾಷನಲ್ ಸಿಟಿಯಿಂದ ಬರ್ ದುಬೈವರೆಗೆ, ಅವಳು ಗಟ್ಟಿಯಾಗಿ ಓದಿದಳು. ಪಕ್ಕದಲ್ಲಿ ಕೂತ ಮಗಳು ಕಿವಿಯ ಇಯರ್‌ಫೋನ್ ತೆಗೆದು, "ಮಮ್ಮಾ, ಯೂ ಸೌಂಡ್ ಲೈಕ್ ಜಿಪಿಎಸ್," ಎಂದಳು.

"ಜಿಪಿಎಸ್ ಆದ್ರೂ ದಾರಿ ತೋರಿಸ್ತದೆ. ನೀನು ಎಂತ ತೋರಿಸ್ತಿ? ಮಾಂಜ ಅಂದ್ರೆ ತಿನ್ನು, ಅಲ್ವಾ? ಗಾಳಿಪಟದ ದಾರ ತಿನ್ನು ಅಂದ ಹಾಗೆ ಆಗ್ತದೆ."

"ತುತ್ತೊ ಅಂದ್ರೆ ಎಲ್ಲಾ," ಎಂದೆ.

"ತುತ್ತು ಗೊತ್ತಾಗ್ತದೆ. ಇವರ ಕಂಜೂಸ್‌ತನ ನೋಡು, ಒಂದೇ ತುತ್ತಿಗೆ ಎಲ್ಲಾ ಅನ್ನುದು. ಈ ಆಸ್ಪೆತ್ತ ಎಂತದು? ಆಸ್ಪತ್ರೆಯಾ?"

"ನಿಲ್ಲು, ತಾಳು ಅಂತ."

"ಅದೇ. ಆಸ್ಪತ್ರೆಯಲ್ಲಿ ಬೇರೆ ಎಂತ ಕೆಲಸ ಉಂಟು?"

ಹೀಗೆ ಅವಳು ಎಲ್ಲ ಪದಗಳನ್ನೂ ತನ್ನ ಮನೆಗೆ ಕರೆದು ಕೂರಿಸಿಕೊಂಡಳು. ಒಂದನ್ನು ಬಿಟ್ಟು. ಮಾಯೆಸ್ತ್ರೊ ಎಂಬುದು ಅವಳ ಬಾಯಲ್ಲಿ ಪ್ರತಿ ಸಲವೂ ಮೇಷ್ಟ್ರೇ ಆಗುತ್ತಿತ್ತು. ಬಿಡಿಸಿ ಹೇಳಿಕೊಟ್ಟೆ: ಮಾ, ಎ, ಸ್ತ್ರೊ. ಬಿಡಿಬಿಡಿಯಾಗಿ ಸರಿಯಾಗಿ ಹೇಳುತ್ತಿದ್ದಳು. ಕೂಡಿಸಿದರೆ ಮೇಷ್ಟ್ರೇ. ಅವಳಿಗೆ ಬರುತ್ತಿರಲಿಲ್ಲವೋ, ಬೇಡವಾಗಿತ್ತೋ, ನಾನು ಇಂದಿಗೂ ಹೇಳಲಾರೆ.

ಸ್ಟುಡಿಯೋ ನಮ್ಮ ಕಚೇರಿಯ ಕಟ್ಟಡದಲ್ಲೇ ಇತ್ತು, ಸಿಲಿಕಾನ್ ಓಯಸಿಸ್‌ನಲ್ಲಿ. ಗಾಜಿನ ಆಚೆ ಅಕ್ಕ, ಕಿವಿಗೆ ಹೆಡ್‌ಫೋನ್, ಎದುರಿಗೆ ಪರದೆಯ ಮೇಲೆ ಅವಳದೇ ಮುಖ, ಕೈಯಲ್ಲಿ ಕನ್ನಡದ ಹಾಳೆ. ಈಚೆ ನಿರ್ದೇಶಕರು, ಸಹಾಯಕಿ, ನಾನು. ನಿರ್ದೇಶಕರು ಕನ್ನಡಕ ತೆಗೆದು ಜೇಬಿಗೆ ಹಾಕಿ ಕಣ್ಣು ಮುಚ್ಚಿದರು.

ಪರದೆಯ ಮೇಲಿನ ಅಕ್ಕ ಎಣಿಸುತ್ತಿದ್ದಳು, ಸದ್ದಿಲ್ಲದೆ. ಮೂಜಿ ಎಂದು ತುಟಿ ಮುಚ್ಚಿದ ಜಾಗಕ್ಕೆ ಗಾಜಿನ ಆಚೆಯ ಅಕ್ಕ ಮಾಂಜ ಎಂಬುದನ್ನು ತಂದು ಇಟ್ಟಳು. ಸರಿಯಾಗಿ ಕೂತಿತು. ತುತ್ತೊ ಕೂತಿತು. ಆಸ್ಪೆತ್ತ ಕೂತಿತು. ಆಮೇಲೆ ಅವಳು ನಿಂತು ಕೋಟನ್ನು ನೋಡಿದ ಆ ಗಳಿಗೆ. "ಮೇಷ್ಟ್ರೇ," ಎಂದಳು. "ಲೊ ಸೊ."

ಸಹಾಯಕಿ ಅಡ್ಡಡ್ಡ ತಲೆಯಾಡಿಸಿದಳು. ಉಚ್ಚಾರ ತಪ್ಪು, ಅದರಲ್ಲೂ ಮುಖ್ಯ ಪದವೇ ತಪ್ಪು, ಒತ್ತಕ್ಷರ ಭಾರವಾಯಿತು, ಆ ಊರಿನ ಹೆಂಗಸು ಹೀಗೆ ಮಾತನಾಡಲು ಸಾಧ್ಯವೇ ಇಲ್ಲ ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ನನಗೇ ಗೊತ್ತಾಗುವಷ್ಟು ಸರಿ.

ನಿರ್ದೇಶಕರು ಚಿತ್ರವಿಲ್ಲದೆ ಬರೀ ಧ್ವನಿ ಹಾಕಿ ಎಂದರು. ಕೇಳಿದರು. ಇನ್ನೊಮ್ಮೆ ಎಂದರು. ಕಣ್ಣು ಮುಚ್ಚಿಯೇ ಹೇಳಿದರು:

"ಹೌದು. ಊರಲ್ಲಿ ಎಲ್ಲರೂ ನಗುತ್ತಿದ್ದರು."

"ಯಾರನ್ನು ನೋಡಿ?" ಎಂದಳು ಸಹಾಯಕಿ.

"ನನ್ನ ಅಮ್ಮನನ್ನು ನೋಡಿ. ಅವಳು ಆ ಊರಿನವಳಲ್ಲ. ದಕ್ಷಿಣದಿಂದ ಬಂದವಳು. ಮಾಯೆಸ್ತ್ರೊ ಅನ್ನಲು ಬರುತ್ತಿರಲಿಲ್ಲ. ಅಂಗಡಿಯವರು ಅವಳ ಹಾಗೇ ಅಣಕಿಸಿ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ."

ಸಹಾಯಕಿ ನನ್ನನ್ನು ನೋಡಿದಳು. ಆಕೆ ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದವಳು. ದಕ್ಷಿಣದಿಂದ ಬಂದ ತಾಯಿಯ ಬಗ್ಗೆ ಅವಳೂ ಕೇಳಿರಲಿಲ್ಲ ಎಂದು ಅವಳ ಹುಬ್ಬಿನಲ್ಲೇ ಬರೆದಿತ್ತು. ಆ ತಾಯಿ ಹುಟ್ಟಿದ್ದು ಅಲ್ಲಿ, ಆ ಸ್ಟುಡಿಯೋದಲ್ಲಿ, ಅಕ್ಕನ ಉಚ್ಚಾರಕ್ಕೆ ಹೊಂದಿಕೊಳ್ಳಲು ಎಂದು ನನಗೆ ಅನ್ನಿಸಿತು. ಮೊದಲು ಚಿತ್ರ, ಧ್ವನಿ ಆಮೇಲೆ. ಅವರು ಸಿನಿಮಾ ಮಾಡಿದ ಹಾಗೇ ನೆನಪನ್ನೂ ಮಾಡಿದರು. ಅಥವಾ ಅದು ನಿಜವೇ ಇರಬಹುದು; ಇಷ್ಟು ವರ್ಷ ಒಳಗೆ ಕೂತದ್ದಕ್ಕೆ ಅಕ್ಕನ ತಪ್ಪು ಬಾಗಿಲಾಗಿರಬಹುದು. ಎರಡರಲ್ಲಿ ಯಾವುದೆಂದು ಬರೆಯುವ ಹಕ್ಕು ನನಗಿಲ್ಲ. ಅವರ ಕಣ್ಣು ತೆರೆದಾಗ ಒದ್ದೆಯಾಗಿತ್ತು ಎಂದು ಬರೆಯಬಹುದು. ಆದರೆ ಸ್ಟುಡಿಯೋದ ಏಸಿ ಬಹಳ ಜೋರಾಗಿತ್ತು.

"ಏನಂತೆ?" ಎಂದು ಗಾಜಿನ ಆಚೆಯಿಂದ ಅಕ್ಕ ಕೈ ಮಾಡಿದಳು.

ಸಹಾಯಕಿ ಒಂದು ಮಧ್ಯದ ದಾರಿ ಹೇಳಿದಳು: ಈ ಒಂದು ದೃಶ್ಯ ಈಕೆಯ ಧ್ವನಿ, ಉಳಿದದ್ದು ರೋಮಿನದು. ನಿರ್ಮಾಪಕರೂ ಒಪ್ಪುತ್ತಾರೆ. ನಾನು ಮೈಕಿನಲ್ಲಿ ಅಕ್ಕನಿಗೆ ಹೇಳಿದೆ.

"ಒಂದೇ ಬಾಯಿಗೆ ಎರಡು ನಾಲಗೆಯಾ?" ಸ್ಪೀಕರಿನಲ್ಲಿ ಅವಳ ದನಿ ಕೋಣೆ ತುಂಬಿತು. "ಎರಡು ನಾಲಗೆಯವರಿಗೆ ನಮ್ಮಲ್ಲಿ ಎಂತ ಹೇಳ್ತಾರೆ, ಅವರಿಗೆ ಹೇಳು."

"ಸುಳ್ಳುಗಾರರು ಎನ್ನುತ್ತಾರೆ," ಎಂದು ನಿರ್ದೇಶಕರಿಗೆ ಹೇಳಿದೆ.

ಅವರು ನಕ್ಕರು. ನಾನು ನೋಡಿದ ಹಾಗೆ ಅದೇ ಮೊದಲು. "ಒಂದು ಸಿನಿಮಾಕ್ಕೆ ಒಬ್ಬ ಸುಳ್ಳುಗಾರ ಸಾಕು. ಪೂರ್ತಿ ಅವಳದೇ ಇರಲಿ. ರೋಮಿಗೆ ನಾನು ಹೇಳುತ್ತೇನೆ." ಕನ್ನಡಕ ಹಾಕಿಕೊಂಡು ಚಿತ್ರಕಥೆಯ ಕೊನೆಯ ಹಾಳೆಯಲ್ಲಿ ಒಂದು ಸಾಲು ಸೇರಿಸಿದರು. ಕಿಟಕಿಯ ದೃಶ್ಯದಲ್ಲಿ ತಾಯಿಗೆ ಮಾತೇ ಇರಲಿಲ್ಲ. ಈಗ ಇತ್ತು: ನಾನು ಈ ಊರಿನವಳಲ್ಲ.

ಮರುದಿನ ಅಕ್ಕ ಕಿಟಕಿಯಲ್ಲಿ ನಿಂತು ಅದನ್ನು ಹೇಳಿದಳು. ಅಂಕಿ ಎಣಿಸಲಿಲ್ಲ. "ಯಲ್ಲಾ, ಬೇಗ ಮೇಷ್ಟ್ರೇ, ಕ್ಯಾಮೆರಾ ಬಿಡಿ," ಎಂದು ತಾನೇ ಶುರುಮಾಡಿದಳು.

ಕಿರುಪುಸ್ತಕಕ್ಕೆ ನಾನು ಮೂವರು ತಂದೆಯರನ್ನೂ ಬರೆದುಕೊಟ್ಟೆ, ಒಬ್ಬರ ಪಕ್ಕ ಒಬ್ಬರು, ಯಾರನ್ನೂ ಹೆಚ್ಚು ಕಡಿಮೆ ಮಾಡದೆ. ಪುಟ ಸಾಲದೆಂದು ಅಬುಧಾಬಿಯವರು ಇಬ್ಬರನ್ನು ತೆಗೆದುಹಾಕಿದರು. ಉಳಿದದ್ದು ಕ್ಷೌರಿಕರು. ಪ್ರದರ್ಶನದ ಸಂಜೆ ನಿರ್ದೇಶಕರು ಅದನ್ನು ಓದಿ, ಚೆನ್ನಾಗಿದೆ ಎಂದರು.

ಅಕ್ಕ ಅಂಗಡಿಯ ಅತ್ಯಂತ ಒಳ್ಳೆಯ ರೇಷ್ಮೆ ಉಟ್ಟು ಬಂದಿದ್ದಳು, ಮಗಳು ಮತ್ತು ಗಂಡನ ನಡುವೆ ಕೂತಿದ್ದಳು. ಸೂಪಿನ ದೃಶ್ಯದಲ್ಲಿ ಅವಳ ಧ್ವನಿ ಆ ದೊಡ್ಡ ಕೋಣೆಯಲ್ಲಿ ಬಂದಾಗ ಅವಳು ಮಗಳ ಇಯರ್‌ಫೋನನ್ನು ಕೈಯಾರೆ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. ಸಿನಿಮಾ ಮುಗಿದ ಮೇಲೆ ವೇದಿಕೆಯಲ್ಲಿ ನಿರ್ದೇಶಕರನ್ನು ಯಾರೋ ತಂದೆಯ ಬಗ್ಗೆ ಕೇಳಿದರು. ಅವರು ಗಂಭೀರವಾಗಿ, ಊರಿನ ಅತ್ಯುತ್ತಮ ಕ್ಷೌರಿಕರಾಗಿದ್ದರು ಎಂದರು.

"ಸುಳ್ಳು ಹೇಳ್ಬೇಡಿ ಮೇಷ್ಟ್ರೇ!" ಎಂದು ಅಕ್ಕ ಕೂತಲ್ಲಿಂದಲೇ ಹೇಳಿದಳು. ಅವರು ಕತ್ತಲಲ್ಲಿ ಆ ಧ್ವನಿಯ ಕಡೆಗೆ ಕೈಯೆತ್ತಿ ನಮಸ್ಕರಿಸಿದರು.

ಆಮೇಲೆ ನಡೆದದ್ದನ್ನು ಅಕ್ಕ ಹೀಗೆ ಹೇಳುತ್ತಾಳೆ. ಹೊರಗೆ ಬರುವಾಗ ವಯಸ್ಸಾದ ಒಬ್ಬ ಇಟಾಲಿಯನ್ ಹೆಂಗಸು ಅವಳ ಎರಡೂ ಕೈ ಹಿಡಿದು, ನಿನ್ನ ಮಾತು ಕೇಳಿ ನನ್ನ ಚಿಕ್ಕಮ್ಮ ನೆನಪಾದಳು, ನೀನು ಇಟಲಿಯಲ್ಲಿ ಯಾವ ಕಡೆಯವಳು ಎಂದು ಕೇಳಿದಳಂತೆ. ಅಕ್ಕ ಹೇಳಿದಳಂತೆ: "ಇಟಲಿ ಕ್ಲಸ್ಟರ್. ಬಸ್ ಸ್ಟಾಪಿನ ಎದುರು."

ಅಕ್ಕ ಇದನ್ನು ಅಂಗಡಿಯಲ್ಲಿ ಹೇಳುತ್ತಾಳೆ, ನಾಟಕದ ರಿಹರ್ಸಲಿನಲ್ಲಿ ಹೇಳುತ್ತಾಳೆ, ಊರಿಗೆ ಫೋನು ಮಾಡಿ ಹೇಳುತ್ತಾಳೆ. ಪ್ರತಿ ಸಲ ಆ ಹೆಂಗಸಿನ ಧ್ವನಿಯನ್ನೂ ತಾನೇ ಮಾಡುತ್ತಾಳೆ, ಒತ್ತಕ್ಷರಗಳ ಸಮೇತ. ನಾನು ಆ ಹೊತ್ತಿನಲ್ಲಿ ಅವಳ ಪಕ್ಕದಲ್ಲೇ ಇದ್ದೆ. ನನಗೆ ನೆನಪಿರುವಂತೆ ಆ ಹೆಂಗಸು ಕೇಳಿದ್ದು ಟಾಯ್ಲೆಟ್ ಎಲ್ಲಿದೆ ಎಂದು.

ಮೊನ್ನೆ ಅವಳ ಮಗಳು, ಅಮ್ಮ ಇನ್ನೊಮ್ಮೆ ಆ ಕಥೆ ಮುಗಿಸಿದ ಕೂಡಲೇ, ನನ್ನ ಕಡೆ ತಿರುಗಿದಳು. "ಅಂಕಲ್, ಯೂ ವರ್ ದೇರ್. ಡಿಡ್ ಶೀ ರಿಯಲಿ ಸೇ ದಟ್?"

ಅಕ್ಕ ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ. ಕಿವಿ ಮಾತ್ರ ಈ ಕಡೆ ಇತ್ತು.

"ಹೌದು," ಎಂದೆ. "ಬಸ್ ಸ್ಟಾಪಿನ ಎದುರು ಅಂತ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ."